ಪಟ್ಟಿ ಒಯ್ದಿರಿ, ಆಧಾರ ಬಿಟ್ಟುಹೋದಿರಿ: ಸಂಗೀತ ವೆಬ್‌ಸೈಟ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಅಭಿಮಾನಿಗಳು ಕಲೆಹಾಕಿದ ಕಾನ್ಸರ್ಟ್ ಮಾಹಿತಿಯನ್ನು ತಮ್ಮ ವೆಬ್‌ಸೈಟ್‌ಗಳಲ್ಲಿ ಬಳಸುತ್ತಿರುವ ಕಂಪನಿಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಒಂದು ಸಂಗೀತ ತಂಡದ ಅಭಿಮಾನಿ. ಆ ತಂಡ ಯಾವತ್ತು ಎಲ್ಲೆಲ್ಲಿ ಹಾಡಿದೆ, ಪ್ರತಿ ಶೋನಲ್ಲಿ ಯಾವ ಹಾಡು ಯಾವ ಕ್ರಮದಲ್ಲಿ ಬಂತು ಎಂದು ಬರೆದಿಡುವವರಲ್ಲಿ ನಾನೂ ಒಬ್ಬ. ಬೇರೆ ಬೇರೆ ದೇಶಗಳಲ್ಲಿರುವ, ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡದ ನಾವು ಸೇರಿ ವರ್ಷಗಳಿಂದ ಈ ಪಟ್ಟಿ ಕಟ್ಟುತ್ತಿದ್ದೇವೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ನಾವು ಕೇಳಿಯೂ ಇಲ್ಲ. ಯಾರು ಬೇಕಾದರೂ ಬಂದು ನೋಡಬಹುದು. ದುಡ್ಡಿಲ್ಲ, ಜಾಹೀರಾತಿಲ್ಲ. ಪಟ್ಟಿಯ ಮೇಲುಗಡೆ ಒಂದು ಮಾತು ಮಾತ್ರ ಬರೆದಿದ್ದೇವೆ: ಸ್ವಂತಕ್ಕಾದರೆ ಧಾರಾಳವಾಗಿ ಬಳಸಿ, ವ್ಯಾಪಾರಕ್ಕಾದರೆ ಮೊದಲು ಕೇಳಿ.

ನಿಮ್ಮಲ್ಲಿ ಕೆಲವರು ಕೇಳಲಿಲ್ಲ. ಇಡೀ ಪಟ್ಟಿಯನ್ನೇ ಎತ್ತಿಕೊಂಡು ಹೋದಿರಿ. ಅದರ ಸುತ್ತ ಜಾಹೀರಾತು ಹಾಕಿದಿರಿ, ಪಕ್ಕದಲ್ಲಿ ಟಿಕೆಟ್ ಮಾರುವ ಬಟನ್ ಇಟ್ಟಿರಿ. ಪುಟದ ತಳದಲ್ಲಿ ಎಲ್ಲ ಹಕ್ಕುಗಳೂ ನಿಮ್ಮವು, ಅನುಮತಿಯಿಲ್ಲದೆ ಯಾರೂ ಕಾಪಿ ಮಾಡಬಾರದು ಎಂದು ಬರೆದುಕೊಂಡಿರಿ. ನಮ್ಮ ಹೆಸರು ಎಲ್ಲೂ ಇಲ್ಲ.

ನಾವೂ ಬೇರೆ ಕಡೆಯಿಂದ ಕಲೆಹಾಕಿರಬಹುದಲ್ವಾ, ಅದು ನಿಮ್ಮದೇ ಅಂತ ಹೇಗೆ ಹೇಳ್ತೀರಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಪ್ರವಾಸದಲ್ಲಿ ತಂಡ ಹೊಸ ಹಾಡೊಂದನ್ನು ಹಾಡಲು ಶುರು ಮಾಡಿತು. ಹೆಸರು ಹೇಳಲಿಲ್ಲ. ಪಟ್ಟಿಯಲ್ಲಿ ಅದನ್ನು ಏನಾದರೂ ಒಂದು ಹೆಸರಿನಿಂದ ಕರೆಯಬೇಕಲ್ಲ? ನಮ್ಮಲ್ಲೊಬ್ಬರು ಪಲ್ಲವಿಯಲ್ಲಿ ಕೇಳಿಸಿದ ಮೂರು ಪದ ಹಿಡಿದು ಸದ್ಯಕ್ಕೊಂದು ಹೆಸರು ಕೊಟ್ಟರು. ಇದು ತಂಡ ಇಟ್ಟ ಹೆಸರಲ್ಲ, ನಾವಿಟ್ಟದ್ದು ಎಂದು ಗೊತ್ತಾಗಲಿ ಅಂತ ಅದನ್ನು ಚೌಕ ಆವರಣದೊಳಗೆ ಬರೆದೆವು. ಆ ಹೆಸರು ನಮ್ಮ ಪಟ್ಟಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಕೆಲವೇ ವಾರಗಳಲ್ಲಿ ಅದು ನಿಮ್ಮ ಪುಟಗಳಲ್ಲಿ ಕಾಣಿಸಿತು, ಆವರಣದ ಸಮೇತ. ಮುಂದೆ ಆಲ್ಬಮ್ ಬಂತು. ಹಾಡಿಗೆ ಬೇರೆಯೇ ಹೆಸರಿತ್ತು. ನಾವು ಅದೇ ದಿನ ಎಲ್ಲ ಶೋಗಳಲ್ಲೂ ಬದಲಾಯಿಸಿದೆವು. ನಿಮ್ಮಲ್ಲಿ ಹಳೆಯದೇ ಉಳಿದಿದೆ. ತಂಡ ಎಂದೂ ಬರೆಯದ ಹಾಡೊಂದು ಈಗ ನಿಮ್ಮ ಅಂಕಿಅಂಶಗಳಲ್ಲಿ ಒಂದೇ ಪ್ರವಾಸದಲ್ಲಿ ಹಾಡಿ ಕೈಬಿಟ್ಟ ಅಪರೂಪದ ಹಾಡಾಗಿ ಕೂತಿದೆ. ಅದನ್ನು ನಂಬಿ ಜನ ಹುಡುಕುತ್ತಿದ್ದಾರೆ.

ಇಂಥ ಕೆಲಸ ನಮ್ಮಿಂದಲೇ ಶುರುವಾದದ್ದಲ್ಲ. ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡ 1965ರಿಂದ 1995ರವರೆಗೆ ಸುಮಾರು 2,300 ಶೋ ಕೊಟ್ಟಿತು. ಯಾವ ರಾತ್ರಿಯೂ ಹಿಂದಿನ ರಾತ್ರಿಯಂತೆ ಇರುತ್ತಿರಲಿಲ್ಲ. ಅದಕ್ಕೇ ಅಭಿಮಾನಿಗಳು ಪ್ರತಿ ಶೋನ ಹಾಡುಗಳನ್ನು ಬರೆದಿಟ್ಟುಕೊಂಡರು, ಟೇಪು ಮಾಡಿಕೊಂಡರು. 1984ರಲ್ಲಿ ತಂಡ ರೆಕಾರ್ಡ್ ಮಾಡುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಕೊಟ್ಟಿತು. ಟೇಪನ್ನು ಮಾರಬಾರದು, ಬೇಕಾದರೆ ಟೇಪಿಗೆ ಟೇಪು ಕೊಟ್ಟು ತೆಗೆದುಕೊಳ್ಳಿ ಎನ್ನುವುದು ಆ ಜನರ ನಡುವಿನ ಕಟ್ಟುಪಾಡು. ಅಭಿಮಾನಿಗಳ ಆ ಪಟ್ಟಿಗಳು 1987ರಲ್ಲಿ ಡೆಡ್‌ಬೇಸ್ ಎಂಬ ಪುಸ್ತಕವಾಗಿ ಬಂದವು. ಅಮೆರಿಕದ ಗಾಯಕ ಬಾಬ್ ಡಿಲನ್ 1988ರ ಜೂನ್ 7ರಂದು ಶುರು ಮಾಡಿದ ಪ್ರವಾಸ 3,000 ಶೋಗಳನ್ನು ದಾಟಿದೆ. ಯಾವ ರಾತ್ರಿ ಏನು ಹಾಡಿದರು ಎಂದು ಇವತ್ತು ಯಾರಾದರೂ ಹುಡುಕಿ ತೆಗೆಯಬಹುದಾದರೆ ಅದು ಕೇಳಲು ಹೋದ ಜನ ಬರೆದಿಟ್ಟದ್ದರಿಂದ. ನೀವು 'ಕಂಟೆಂಟ್' ಎಂದು ಕರೆಯುವುದು ಈ ರೀತಿ ಹುಟ್ಟುತ್ತದೆ.

ಒಂದು ಶೋನ ವಿವರ ಬರೆಯುವುದು ಐದು ನಿಮಿಷದ ಕೆಲಸ ಎಂದು ಹೊರಗಿನವರಿಗೆ ಅನಿಸುತ್ತದೆ. ಈಚಿನ ಶೋಗಳ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಕೇಳಲು ಹೋದವರು ಅಲ್ಲಿಂದಲೇ ಫೋನಿನಲ್ಲಿ ಬರೆದು ಕಳಿಸುತ್ತಾರೆ, ಶೋ ಮುಗಿಯುವಾಗ ಪಟ್ಟಿಯೂ ಮುಗಿದಿರುತ್ತದೆ. ಕಷ್ಟ ಇರುವುದು ಹಳೆಯದರಲ್ಲಿ. ಪೋಸ್ಟರ್ ಸಿಕ್ಕರೆ ಸಾಲದು. ಶೋ ನಡೆಯಬೇಕಿತ್ತು ಎಂದಷ್ಟೇ ಪೋಸ್ಟರ್ ಹೇಳುತ್ತದೆ, ನಡೆಯಿತು ಎಂದಲ್ಲ. ಟಿಕೆಟ್ಟಿನ ಕಥೆಯೂ ಅಷ್ಟೇ. ಎಷ್ಟೋ ಶೋಗಳು ಮುಂದಕ್ಕೆ ಹೋಗಿವೆ, ರದ್ದಾಗಿವೆ, ಕೊನೇ ಗಳಿಗೆಯಲ್ಲಿ ಬೇರೆ ಜಾಗಕ್ಕೆ ಬದಲಾಗಿವೆ. ಒಂದೇ ದಿನ ಸಂಜೆ ಒಂದು, ರಾತ್ರಿ ಒಂದು ಎಂದು ಎರಡು ಶೋ ನಡೆದಿದ್ದರೆ ಎರಡರ ಹಾಡುಗಳೂ ಕಲಸಿಹೋಗಿರುತ್ತವೆ. ವೇದಿಕೆಯ ನೆಲಕ್ಕೆ ಅಂಟಿಸಿದ ಹಾಡುಗಳ ಚೀಟಿ ಸಿಕ್ಕರೆ ಎಲ್ಲರಿಗೂ ಖುಷಿಯಾಗುತ್ತದೆ. ಆದರೆ ಅದೂ ಏನು ಹಾಡಬೇಕು ಅಂದುಕೊಂಡಿದ್ದರು ಎಂಬುದರ ಸಾಕ್ಷಿ ಮಾತ್ರ. ಅಂದುಕೊಂಡದ್ದನ್ನೇ ಹಾಡಿದರು ಅಂತೇನೂ ಇಲ್ಲ.

ಕ್ಯಾಸೆಟ್ ಇನ್ನೊಂದು ತರದ ತೊಡಕು. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 45 ನಿಮಿಷ. ಬದಿ ಬದಲಾಯಿಸುವಾಗ ಹಾಡು ತುಂಡಾಗುತ್ತದೆ. ಶೋ ಮುಗಿದ ಮೇಲೆ ಕೊನೆಯಲ್ಲಿ ಜಾಗ ಉಳಿದರೆ, ಸುಮ್ನೆ ಯಾಕೆ ಬಿಡಬೇಕು ಎಂದು ಬೇರೆ ರಾತ್ರಿಯ ಒಂದೆರಡು ಹಾಡು ತುಂಬಿಸುವ ರೂಢಿ ಇತ್ತು. ಅಂಥ ಕ್ಯಾಸೆಟ್ಟಿನ ಕಾಪಿ, ಕಾಪಿಯ ಕಾಪಿ ಕೈಯಿಂದ ಕೈಗೆ ಹೋಗುವಾಗ ಈ ವಿಷಯ ಮರೆತುಹೋಗುತ್ತದೆ. ನಮಗೆ ಬಂದ ಒಂದು ಕ್ಯಾಸೆಟ್ಟಿನಲ್ಲಿ ಹೀಗೇ ಆಗಿತ್ತು. ಕೊನೆಯಲ್ಲಿ ಎರಡು ಹಾಡು ಜಾಸ್ತಿ ಇದ್ದವು. ಪರಿಶೀಲನೆ ಬಾಕಿ ಎಂದು ಟಿಪ್ಪಣಿ ಹಾಕಿಯೇ ಅವನ್ನು ಪಟ್ಟಿಗೆ ಸೇರಿಸಿದೆವು. ಆಮೇಲೆ ನಮ್ಮಲ್ಲೊಬ್ಬರು ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಕೂತು ಕೇಳಿದರು. ಆ ರಾತ್ರಿ ಹಾಡುವವರ ಗಂಟಲು ಕಟ್ಟಿತ್ತು. ಮೇಲಿನ ಸ್ವರಕ್ಕೆ ಹೋಗುವಾಗೆಲ್ಲ ದನಿ ಒಡೆಯುತ್ತಿತ್ತು, ಎರಡು ಕಡೆ ಸಾಲನ್ನೇ ನುಂಗಿಕೊಂಡು ಗಿಟಾರಿಗೆ ಬಿಟ್ಟುಕೊಟ್ಟಿದ್ದರು. ಕೊನೆಯ ಎರಡು ಹಾಡಿನಲ್ಲಿ ಮಾತ್ರ ದನಿ ನೀಟಾಗಿತ್ತು. ಚಪ್ಪಾಳೆಯ ಸದ್ದೂ ಬೇರೆ, ದೊಡ್ಡ ಸಭಾಂಗಣದ್ದು. ಅವು ಆ ರಾತ್ರಿಯವಲ್ಲ. ಎರಡನೇ ಟೇಪೊಂದನ್ನು ಹುಡುಕಿ ತರಿಸಿ, ಅದರ ಜತೆ ಹೋಲಿಸಿ ಖಚಿತ ಮಾಡಿಕೊಂಡು ಅವನ್ನು ತೆಗೆದೆವು. ಯಾಕೆ ತೆಗೆದೆವು ಎಂದೂ ಕೆಳಗೆ ಬರೆದೆವು.

ನಿಮ್ಮ ಪುಟದಲ್ಲಿ ಆ ಎರಡು ಹಾಡು ಇನ್ನೂ ಇವೆ. ಪರಿಶೀಲನೆ ಬಾಕಿ ಎಂಬ ಟಿಪ್ಪಣಿ ಇಲ್ಲ. ಅದನ್ನು ನೀವು ತೆಗೆದುಕೊಂಡಿರಲೇ ಇಲ್ಲ.

ನನ್ನ ದೂರಿನ ತಿರುಳು ಇಲ್ಲಿದೆ. ಹೆಸರು ಹಾಕಲಿಲ್ಲ ಎನ್ನುವುದು ಬೇಜಾರಿನ ಸಂಗತಿಯೇ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ನಮ್ಮ ಪಟ್ಟಿಯಲ್ಲಿ ಪ್ರತಿ ಶೋನ ಕೆಳಗೆ ಅದರ ಆಧಾರ ಇರುತ್ತದೆ: ಟೇಪು ಇದೆಯೇ, ಕಣ್ಣಾರೆ ಕಂಡವರು ಹೇಳಿದ್ದೇ, ಪತ್ರಿಕೆಯ ವರದಿಯೇ, ಬರೀ ಜಾಹೀರಾತೇ. ಕ್ರಮ ಖಚಿತವಿಲ್ಲದಿದ್ದರೆ ಹಾಗೆಂದೇ ಹೇಳಿರುತ್ತೇವೆ. ಹಾಡು ಅರ್ಧಕ್ಕೆ ನಿಂತಿದ್ದರೆ ಅದನ್ನೂ ಬರೆದಿರುತ್ತೇವೆ. ಒಂದು ಹಾಡು ನಿಲ್ಲದೆ ಇನ್ನೊಂದಕ್ಕೆ ಹೊರಳಿದರೆ ನಡುವೆ ಬಾಣದ ಗುರುತು ಇರುತ್ತದೆ. ನಿಮ್ಮ ಸಾಫ್ಟ್‌ವೇರ್ ಇವನ್ನೆಲ್ಲ ಕಸ ಎಂದು ಉದುರಿಸಿ ತಾರೀಕು, ಜಾಗ, ಹಾಡಿನ ಹೆಸರು ಮಾತ್ರ ಉಳಿಸಿಕೊಳ್ಳುತ್ತದೆ. ಆಗ ಟೇಪಿನಿಂದ ಸಿದ್ಧವಾದ ಮಾಹಿತಿಯೂ ಯಾರೋ ನೆನಪಿನಿಂದ ಹೇಳಿದ ಮಾತೂ ಒಂದೇ ತರ ಕಾಣುತ್ತವೆ. ಓದುವವರಿಗೆ ಯಾವುದನ್ನು ಎಷ್ಟು ನಂಬಬೇಕು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ನಾವು ಅನುಮಾನ ಎಂದು ಬರೆದದ್ದು ನಿಮ್ಮಲ್ಲಿ ಸತ್ಯವಾಗುತ್ತದೆ.

ಮುಂದೆ ಅದು ತಿರುಗಿ ನಮ್ಮ ಹತ್ತಿರವೇ ಬರುತ್ತದೆ. ಗಂಟಲು ಕಟ್ಟಿದ್ದ ಆ ಶೋ ಬಗ್ಗೆ ಒಬ್ಬ ಹೊಸ ಅಭಿಮಾನಿ ನಮಗೆ ಬರೆದರು. ನಿಮ್ಮ ಪಟ್ಟಿಯಲ್ಲಿ ಎರಡು ಹಾಡು ಬಿಟ್ಟುಹೋಗಿವೆ, ದಯವಿಟ್ಟು ಸೇರಿಸಿ ಎಂದು. ಆಧಾರ ಏನು ಎಂದು ಕೇಳಿದೆವು. ಅವರು ಮೂರು ವೆಬ್‌ಸೈಟ್‌ಗಳನ್ನು ತೋರಿಸಿದರು. ಮೂರು ಕಡೆಯೂ ಅದೇ ಇದೆ, ಹಾಗಾದ್ರೆ ಸರಿಯೇ ಇರಬೇಕಲ್ವಾ ಎಂದರು. ಪಾಪ, ಅವರದೇನೂ ತಪ್ಪಿಲ್ಲ. ಮೂರು ಕಡೆ ಇದ್ದದ್ದೂ ನಮ್ಮ ಹಳೆಯ ಪಟ್ಟಿಯ ಕಾಪಿಯೇ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಹೆಸರು ಇದ್ದಿದ್ದರೆ ಗೊತ್ತಾಗುತ್ತಿತ್ತು. ನಾನು ಹೆಸರು ಹಾಕಿ ಎನ್ನುವುದು ಹೊಗಳಿಕೆಗಲ್ಲ. ಓದುವವರು ಮೂಲಕ್ಕೆ ಹೋಗಿ ನೋಡಲು ಇರುವ ದಾರಿ ಅದೊಂದೇ. ಟಿಪ್ಪಣಿ ತೋರಿಸಿ ಅವರಿಗೆ ವಿವರಿಸಿದೆವು, ಒಪ್ಪಿದರು. ಆದರೆ ಕೇಳದೆ ಹೋದವರು ಎಷ್ಟು ಜನ? ಪತ್ರಿಕೆಗಳಲ್ಲಿ ಲೇಖನ ಬರೆಯುವವರು, ಪುಸ್ತಕ ಮಾಡುವವರು ನಿಮ್ಮ ಪುಟ ನೋಡಿಯೇ ಬರೆಯುತ್ತಾರೆ, ಹುಡುಕಿದಾಗ ಮೇಲೆ ಬರುವುದು ನಿಮ್ಮದೇ ಆದ್ದರಿಂದ.

ನಿಮ್ಮಲ್ಲೊಬ್ಬರಿಗೆ ಈ ಬಗ್ಗೆ ಬರೆದಿದ್ದೆವು. ಮೊದಲು ಯಂತ್ರದ ಉತ್ತರ ಬಂತು. ಮತ್ತೆ ಬರೆದ ಮೇಲೆ ಒಂದು ಸಾಲು ಬಂತು: ಇದು ಸಾರ್ವಜನಿಕವಾಗಿ ಲಭ್ಯವಿರುವ ಮಾಹಿತಿ, ಇದರ ಮೇಲೆ ಯಾರಿಗೂ ಹಕ್ಕಿಲ್ಲ.

ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ತಂಡ ಇಂಥ ದಿನ ಇಂಥ ಹಾಡು ಹಾಡಿತು ಎನ್ನುವುದು ಒಂದು ಸಂಗತಿ. ಸಂಗತಿಗೆ ಒಡೆಯರಿಲ್ಲ. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡೈರೆಕ್ಟರಿ ಪ್ರಕಟಿಸುವ ಫೈಸ್ಟ್ ಮತ್ತು ಟೆಲಿಫೋನ್ ಸೇವೆ ಕೊಡುವ ರೂರಲ್ ಎಂಬ ಎರಡು ಕಂಪನಿಗಳ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ಫೈಸ್ಟ್‌ನ ಟೆಲಿಫೋನ್ ಡೈರೆಕ್ಟರಿಯಲ್ಲಿ ಇದ್ದ 46,878 ನಮೂದುಗಳಲ್ಲಿ 1,309 ನಮೂದುಗಳು ರೂರಲ್‌ನ ಡೈರೆಕ್ಟರಿಯ ತದ್ರೂಪಾಗಿದ್ದವು. ಅವುಗಳಲ್ಲಿ ನಾಲ್ಕು, ಕಾಪಿ ಹೊಡೆಯುವವರನ್ನು ಹಿಡಿಯಲೆಂದೇ ರೂರಲ್ ಸೇರಿಸಿದ್ದ ಸುಳ್ಳು ಹೆಸರುಗಳು. ಆದರೂ ಗೆದ್ದದ್ದು ಫೈಸ್ಟ್. ಬರೀ ಬೆವರು ಸುರಿಸಿದ ಮಾತ್ರಕ್ಕೆ ಕಾಪಿರೈಟ್ ಸಿಗುವುದಿಲ್ಲ, ಆಯ್ಕೆಯಲ್ಲೋ ಜೋಡಣೆಯಲ್ಲೋ ಸ್ವಲ್ಪವಾದರೂ ಸ್ವಂತಿಕೆ ಬೇಕು ಎಂದಿತು ಕೋರ್ಟು. ನಿಮ್ಮ ವಕೀಲರು ಈ ತೀರ್ಪನ್ನು ಖಂಡಿತ ಓದಿರುತ್ತಾರೆ.

ಅದೇ ಮೊಕದ್ದಮೆಯ ಇನ್ನೊಂದು ಸಂಗತಿಯನ್ನೂ ಅವರು ನಿಮಗೆ ಹೇಳಲಿ. ಫೈಸ್ಟ್ ಮೊದಲು 11 ಟೆಲಿಫೋನ್ ಕಂಪನಿಗಳ ಬಾಗಿಲಿಗೆ ಹೋಗಿ, ದುಡ್ಡು ಕೊಡುತ್ತೇವೆ, ನಿಮ್ಮ ಪಟ್ಟಿ ಬಳಸಲು ಬಿಡಿ ಎಂದು ಕೇಳಿತ್ತು. ಕೊಡುವುದಿಲ್ಲ ಎಂದದ್ದು ರೂರಲ್ ಒಂದೇ. ಅಂದರೆ, ಸಂಗತಿಗಳ ಮೇಲೆ ಯಾರಿಗೂ ಹಕ್ಕಿಲ್ಲ ಎಂಬ ಮಾತಿಗೆ ಯಾವ ಕಂಪನಿ ಗೆದ್ದ ಮೊಕದ್ದಮೆ ಆಧಾರವೋ ಆ ಕಂಪನಿ ಕೂಡ ಮೊದಲು ಕೇಳಿತ್ತು. ನೀವು ಅಷ್ಟೂ ಮಾಡಲಿಲ್ಲ.

ಎಲ್ಲ ಕಡೆ ಕಾನೂನು ಒಂದೇ ಅಲ್ಲ ಎನ್ನುವುದೂ ನಿಮಗೆ ಗೊತ್ತಿರಬೇಕು. ಯುರೋಪಿನ ಒಕ್ಕೂಟ 1996ರಲ್ಲಿ ಡೇಟಾಬೇಸ್‌ಗಳಿಗೆಂದೇ ಒಂದು ನಿರ್ದೇಶನ ತಂದಿತು. ಮಾಹಿತಿಯನ್ನು ಸಂಗ್ರಹಿಸಲು, ಪರಿಶೀಲಿಸಲು, ಓದುವವರಿಗೆ ಒಪ್ಪವಾಗಿ ಕೊಡಲು ಗಣನೀಯ ಹೂಡಿಕೆ ಮಾಡಿದವರಿಗೆ ಅಲ್ಲಿ 15 ವರ್ಷದ ಪ್ರತ್ಯೇಕ ಹಕ್ಕು ಇದೆ. ಹೂಡಿಕೆ ಎಂದರೆ ಹಣವೇ ಆಗಬೇಕಿಲ್ಲ, ಸಮಯ ಮತ್ತು ಶ್ರಮ ಕೂಡ ಹೂಡಿಕೆಯೇ ಎಂದು ಆ ನಿರ್ದೇಶನದ ಪೀಠಿಕೆಯಲ್ಲೇ ಬರೆದಿದೆ. ಇದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಹೋಗಬೇಕೆಂಬ ಆಸೆಯೂ ಇಲ್ಲ. ಆದರೆ ಕಾನೂನು ತಡೆಯುವುದಿಲ್ಲ ಎನ್ನುವುದೊಂದೇ ನಿಮ್ಮ ಉತ್ತರವಾದರೆ, ಅದು ನಮ್ಮ ಪ್ರಶ್ನೆಗೆ ಉತ್ತರವಲ್ಲ.

ಅಭಿಮಾನಿಗಳಿಗೆ ಈ ಬಗ್ಗೆ ಹಳೆಯ ಗಾಯವೂ ಇದೆ. ಸಾಮಾನ್ಯ ಆಡಿಯೋ ಸಿಡಿಯೊಳಗೆ ಹಾಡುಗಳ ಹೆಸರು ಇರುವುದಿಲ್ಲ. 1990ರ ದಶಕದಲ್ಲಿ ಸಾವಿರಾರು ಜನ ತಮ್ಮ ತಮ್ಮ ಸಿಡಿಗಳ ಹಾಡಿನ ಹೆಸರುಗಳನ್ನು ಕೈಯಾರೆ ಟೈಪ್ ಮಾಡಿ ಸಿಡಿಡಿಬಿ ಎಂಬ ಡೇಟಾಬೇಸಿಗೆ ಕಳಿಸಿದರು. ನಮ್ಮಂಥ ಇನ್ನೊಬ್ಬರಿಗೆ ಅನುಕೂಲವಾಗಲಿ ಎಂದು ಕಳಿಸಿದ್ದು. ಅದು ಕಂಪನಿಯಾಯಿತು, 2000ದಲ್ಲಿ ಗ್ರೇಸ್‌ನೋಟ್ ಎಂಬ ಹೆಸರಾಯಿತು, ಬಳಸಲು ಲೈಸೆನ್ಸ್ ಬೇಕಾಯಿತು. 2008ರಲ್ಲಿ ಸೋನಿ ಅದನ್ನು ಕೊಂಡಿತು. ಟೈಪ್ ಮಾಡಿದವರಿಗೆ ಆದ ನೋವಿನಿಂದಲೇ ಫ್ರೀಡಿಬಿ, ಮ್ಯೂಸಿಕ್‌ಬ್ರೇನ್ಸ್ ಥರದ ಮುಕ್ತ ಯೋಜನೆಗಳಿಗೆ ಬಲ ಬಂತು.

ಬೇರೆ ದಾರಿ ಇಲ್ಲವೇ ಎಂದರೆ ಇದೆ, ನಡೆಯುತ್ತಲೂ ಇದೆ. ಮ್ಯೂಸಿಕ್‌ಬ್ರೇನ್ಸ್ ತನ್ನ ಮುಖ್ಯ ಮಾಹಿತಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದೆ. ಜತೆಗೆ, ವ್ಯಾಪಾರಕ್ಕೆ ಬಳಸುವ ಕಂಪನಿಗಳು ಖರ್ಚಿಗೆ ಕೈಜೋಡಿಸಲಿ ಎಂದು ಕೇಳುತ್ತದೆ, ದೊಡ್ಡ ದೊಡ್ಡ ಕಂಪನಿಗಳು ಕೊಡುತ್ತಲೂ ಇವೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ನೋಡಿ. ನಕ್ಷೆಯ ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಬಳಸಬಹುದು. ಆದರೆ ಮೂಲದ ಹೆಸರು ಹೇಳಲೇಬೇಕು, ಮಾಹಿತಿಯನ್ನು ತಿದ್ದಿ ಬೆಳೆಸಿ ಹೊರಗೆ ಕೊಟ್ಟರೆ ಅದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. 2012ರಿಂದ ಅದರ ಲೈಸೆನ್ಸ್ ಹೀಗಿದೆ. ಅದಕ್ಕೆ ಒಪ್ಪಿ ನಡೆಯುವ ಕಂಪನಿಗಳು ಮುಳುಗಿಹೋಗಿಲ್ಲ.

ಇನ್ನೊಂದು ಮಾತು, ಸಣ್ಣದು ಅನಿಸಬಹುದು. ನಿಮ್ಮ ಬಾಟ್‌ಗಳು, ಅಂದರೆ ಪುಟಗಳನ್ನು ತಾವಾಗಿಯೇ ತೆರೆದು ಕಾಪಿ ಮಾಡುವ ಪ್ರೋಗ್ರಾಂಗಳು, ಬರುವ ರೀತಿ. ನಮ್ಮ ಸರ್ವರ್ ಸಣ್ಣದು, ಅದರ ಬಾಡಿಗೆಯನ್ನು ನಮ್ಮೊಳಗೆ ಕೆಲವರು ಕೈಯಿಂದ ಕೊಡುತ್ತಾರೆ. ಬಾಟ್ ಬಂದ ರಾತ್ರಿ ಯಾವ ಪುಟ ಯಾವಾಗ ತೆರೆಯಿತು ಎಂಬ ಸರ್ವರಿನ ದಾಖಲೆ (ಲಾಗ್) ತೆಗೆದು ನೋಡಿದರೆ ಮೊದಲ ಶೋನಿಂದ ಹಿಡಿದು ತಾರೀಕಿನ ಕ್ರಮದಲ್ಲಿ ಒಂದೊಂದೇ ಪುಟ, ಉಸಿರು ಬಿಡದೆ, ಒಂದರ ಹಿಂದೆ ಒಂದು. ಬಾಟ್‌ಗಳು ಎಲ್ಲಿಗೆ ಬರಬಾರದು ಎಂದು ಹೇಳುವ ರೋಬೋಟ್ಸ್ ಫೈಲ್ 1994ರಿಂದ ಬಳಕೆಯಲ್ಲಿದೆ. ನಾವೂ ಇಟ್ಟಿದ್ದೇವೆ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ಹೊತ್ತಿನಲ್ಲಿ ಶೋನಿಂದ ಹೊರಬಂದು ಹಾಡುಗಳನ್ನು ಸೇರಿಸಲು ಕೂತ ಜನರಿಗೆ ಪುಟ ತೆರೆಯುವುದೇ ಇಲ್ಲ.

ಹಾಗಾಗಿ ನನ್ನ ಕೋರಿಕೆಗಳು. ಮೊದಲನೆಯದು, ತೆಗೆದುಕೊಳ್ಳುವ ಮುಂಚೆ ಕೇಳಿ. ಕೇಳಿದವರಿಗೆ ನಾವು ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಪುಸ್ತಕ ಬರೆಯುವವರು ಕೇಳಿದ್ದಾರೆ, ಕೊಟ್ಟಿದ್ದೇವೆ, ಅನುಮಾನ ಇದ್ದ ಕಡೆ ಟೇಪು ಮತ್ತೆ ಕೇಳಿಯೂ ಕೊಟ್ಟಿದ್ದೇವೆ. ಈಗಾಗಲೇ ಒಯ್ದಿರುವ ಪುಟಗಳಲ್ಲಿ ಒಂದೋ ಮೂಲದ ಹೆಸರನ್ನೂ ಕೊಂಡಿಯನ್ನೂ ಹಾಕಿ, ಇಲ್ಲವೇ ಅವನ್ನು ತೆಗೆದುಹಾಕಿ. ಹೆಸರು ಎಂದರೆ ಯಾರೂ ತೆರೆಯದ ಒಂದು ಮೂಲೆಯ ಪುಟದಲ್ಲಿ ಅಲ್ಲ, ಆಯಾ ಶೋನ ಪುಟದಲ್ಲೇ, ಓದುವವರ ಕಣ್ಣಿಗೆ ಬೀಳುವ ಕಡೆ. ನಮ್ಮ ಪಟ್ಟಿಯ ಮೇಲೆ ನಿಮ್ಮ ಹಕ್ಕಿನ ಘೋಷಣೆ ಬೇಡ. ಯಾರಿಗೂ ಹಕ್ಕಿಲ್ಲ ಎಂದು ನೀವೇ ಬರೆದಿದ್ದೀರಿ, ಆ ಮಾತು ನಿಮಗೂ ಅನ್ವಯವಾಗಬೇಕಲ್ಲ?

ಹೆಸರಿಗಿಂತ ಹೆಚ್ಚಾಗಿ ನಾನು ಒತ್ತಿ ಕೇಳುವುದು ಟಿಪ್ಪಣಿಗಳ ಬಗ್ಗೆ. ಶೋ ತೆಗೆದುಕೊಂಡರೆ ಅದರ ಆಧಾರವನ್ನೂ ತೆಗೆದುಕೊಳ್ಳಿ. ಅನುಮಾನದ ಗುರುತನ್ನು ಅಳಿಸಬೇಡಿ. ನಮ್ಮ ಪಟ್ಟಿಯ ಯಾವ ದಿನಾಂಕದ ಪ್ರತಿ ಎಂದು ಪುಟದಲ್ಲಿ ಬರೆಯಿರಿ, ಆಗ ಹಳೆಯದೋ ಹೊಸದೋ ಎಂದಾದರೂ ಗೊತ್ತಾಗುತ್ತದೆ. ನಾವು ತಿದ್ದಿದಾಗ ನೀವೂ ತಿದ್ದಿ. ನಿಮ್ಮ ಓದುಗರು ತಪ್ಪು ತೋರಿಸಿದರೆ ನಮಗೆ ತಿಳಿಸಿ. ಈಗ ಅಂಥ ಪತ್ರಗಳು ನಿಮ್ಮ ಹತ್ತಿರ ಬಂದು ಅಲ್ಲೇ ಉಳಿಯುತ್ತಿವೆ. ಅವುಗಳಲ್ಲಿ ಕೆಲವಾದರೂ ಆ ಶೋಗೆ ಸ್ವತಃ ಹೋಗಿದ್ದವರು ಬರೆದಿರುತ್ತಾರೆ, ಮತ್ತು ಅವರಿಗೆ ವಯಸ್ಸಾಗುತ್ತಿದೆ.

ಹಣದ ವಿಷಯ. ನಮಗೆ ಸಂಬಳ ಬೇಡ, ಪಾಲೂ ಬೇಡ. ಆದರೆ ಈ ಮಾಹಿತಿಯಿಂದ ನೀವು ಗಳಿಸುತ್ತಿದ್ದರೆ ಸರ್ವರಿನ ಖರ್ಚಿಗೋ, ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿಸುವುದಕ್ಕೋ ಒಂದಿಷ್ಟು ಕೊಡಿ ಎಂದು ಕೇಳುವುದು ಅತಿಯಾಸೆ ಅಲ್ಲ. ಮ್ಯಾಗ್ನೆಟಿಕ್ ಟೇಪು ವರ್ಷ ಕಳೆದಂತೆ ಹಾಳಾಗುತ್ತದೆ. ಇನ್ನೂ ಯಾರೂ ಪೂರ್ತಿ ಕೇಳಿರದ ಕ್ಯಾಸೆಟ್‌ಗಳ ಪೆಟ್ಟಿಗೆಗಳು ನಮ್ಮ ಗೆಳೆಯರ ಮನೆಗಳಲ್ಲಿವೆ. ಅವು ಹೋದರೆ ಅದರೊಳಗಿನ ಶೋಗಳ ಬಗ್ಗೆ ನಾವೂ ಬರೆಯಲಾರೆವು, ನೀವೂ ಕಾಪಿ ಮಾಡಲಾರಿರಿ.

ಬಾಟ್ ಕಳಿಸುವುದನ್ನು ಇವತ್ತೇ ನಿಲ್ಲಿಸಬಹುದು. ಇಡೀ ಪಟ್ಟಿಯ ಈಗಿನ ಪ್ರತಿಯನ್ನು, ಟಿಪ್ಪಣಿಗಳ ಸಮೇತ, ಒಂದೇ ಫೈಲಿನಲ್ಲಿ ಸಿದ್ಧ ಮಾಡಿಟ್ಟಿದ್ದೇವೆ. ಹೋದ ಸಲದಿಂದ ಈಚೆಗೆ ತಿದ್ದಿದ ಶೋಗಳು ಯಾವುವು ಎಂಬ ಪಟ್ಟಿಯೂ ಅದರ ಜತೆಗಿದೆ. ನಿಮ್ಮ ಕಂಪನಿಯಿಂದ ಯಾರಾದರೊಬ್ಬರು ತಮ್ಮ ಹೆಸರು ಹಾಕಿ, ಏನಕ್ಕೆ ಬೇಕು, ಎಲ್ಲಿ ಬಳಸುತ್ತೀರಿ, ಮೂಲವನ್ನು ಹೇಗೆ ತೋರಿಸುತ್ತೀರಿ ಎಂದು ಬರೆದರೆ ಕಳಿಸಿಕೊಡುತ್ತೇವೆ.

ಇಂತಿ,
ಒಂದು ಕಾನ್ಸರ್ಟ್ ಪಟ್ಟಿಯ ಕೆಲಸದಲ್ಲಿರುವ ಅಭಿಮಾನಿ